ನೀರು-ನೆರಳಿನ ಬಾಡಿಗೆ

ಒಂದು ಊರಿಗೂ ನಮಗೂ ಇರುವ ಸಂಬಂಧವನ್ನು ನಮ್ಮ ಹಿರಿಯರು ನೀರಿನ ಋಣವೆಂದು ಕರೆದರು. ಬಾಡಿಗೆಯ ಮನೆಯಲ್ಲಿ ಇರುವವನ ಪಾಲಿಗೆ ಈ ಮಾತು ಬರಿಯ ಅಲಂಕಾರವಲ್ಲ; ಅಕ್ಷರಶಃ ಸತ್ಯ. ಗದಗ-ಬೆಟಗೇರಿಯಲ್ಲಿ ಮನೆ ಹುಡುಕಿದವರಿಗೆ ಇದು ಬಹುಬೇಗ ಮನದಟ್ಟಾಗುತ್ತದೆ.

1997ರಲ್ಲಿ ಗದಗ ಜಿಲ್ಲೆಯಾಯಿತು. ಕಚೇರಿಗಳು ಬಂದವು, ಮುಂದೆ ವೈದ್ಯಕೀಯ ಕಾಲೇಜು ಬಂತು, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಬಂತು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಂದ ಓದಿಗಾಗಿ, ನೌಕರಿಗಾಗಿ ಬರುವವರು ದಿನವೂ ಬಸ್ಸಿನಲ್ಲಿ ಓಡಾಡುವುದಕ್ಕಿಂತ ಇಲ್ಲಿಯೇ ಒಂದು ಖೋಲಿ ಹಿಡಿಯುವುದು ಲೇಸೆಂದು ಬಗೆಯುತ್ತಾರೆ. ಅವರ ಕಿವಿಗೆ ಇಂಪಾಗಿ ಕೇಳುವ ಮಾತೊಂದಿದೆ: “ನೀರು, ಲೈಟು ಎಲ್ಲಾ ಇದರಾಗ ಬಂತ್ರಿ.”

ಈ ಮಾತಿನ ಆಕರ್ಷಣೆ ಸಹಜವಾದುದೇ. ತಿಂಗಳಿಗೆ ಒಂದೇ ಮೊತ್ತ. ಬಿಲ್ಲಿನ ಚಿಂತೆಯಿಲ್ಲ, ಹೆಸ್ಕಾಂ ಕಚೇರಿಗೆ ಅಲೆಯುವಂತಿಲ್ಲ. ಎಣಿಸಿದ ಸಂಬಳದ ಅಧ್ಯಾಪಕನಿಗೂ ತಂದೆ ಕಳಿಸಿದ ಹಣದಲ್ಲಿ ಬದುಕುವ ವಿದ್ಯಾರ್ಥಿಗೂ ಇದಕ್ಕಿಂತ ನಿಶ್ಚಿಂತೆ ಬೇರೇನಿದೆ?

ಆದರೆ ಆ ಒಂದು ಮೊತ್ತದಲ್ಲಿ ಏನೇನು ಅಡಗಿದೆ ಎಂಬುದನ್ನು ಬಿಡಿಸಿ ನೋಡಬೇಕು. ಈ ಊರಿಗೆ ನೀರು ಹತ್ತಿರದಲ್ಲಿಲ್ಲ. ಮುಂಡರಗಿ ತಾಲ್ಲೂಕಿನ ಅಂಚಿನಲ್ಲಿ ಹರಿಯುವ ತುಂಗಭದ್ರೆಯಿಂದ ಯಂತ್ರಬಲದಿಂದ ಎತ್ತಿ ತರಬೇಕು. ಕೊಳವೆಬಾವಿ ತೋಡೋಣವೆಂದರೆ ಜಿಲ್ಲೆಯ ಹಲವೆಡೆ ನೀರಿನಲ್ಲಿ ಫ್ಲೋರೈಡಿನ ಕಾಟ. ವಾರ ಕಳೆದರೂ ನಳ ಬಾರದ ಬೇಸಿಗೆಗಳನ್ನು ಊರು ಕಂಡಿದೆ. ಆದ್ದರಿಂದ ಮನೆಯ ಮೇಲಿನ ಟಾಕಿಯೇ ಮನೆಯವರ ಬೊಕ್ಕಸ. ಅದರ ಕೀಲಿ ಮಾಲೀಕರ ಕೈಯಲ್ಲಿ.

ನಾನು ನೌಕರಿಗೆ ಸೇರಿದ ಹೊಸತರಲ್ಲಿ ಇಂಥದೊಂದು ಮೇಲ್ಮನೆಯಲ್ಲಿದ್ದೆ. ಮಾಲೀಕರು ಸಜ್ಜನರು. ಒಂದು ಬೇಸಿಗೆಯಲ್ಲಿ ತಾಯಿಯವರು ನನ್ನಲ್ಲಿಗೆ ಬಂದಿದ್ದರು. ಮರುದಿನವೇ ಮೆಟ್ಟಿಲ ಬಳಿ ಪ್ರಶ್ನೆ ಬಂತು: “ಸರ, ಮನ್ಯಾಗ ಬೀಗರು ಬಂದಾರೇನ್ರಿ? ಟಾಕಿ ಲಗೂನ ಖಾಲಿ ಆತು.” ಗದರಿಕೆಯೇನೂ ಅದರಲ್ಲಿ ಇರಲಿಲ್ಲ, ಟ್ಯಾಂಕರಿಗೆ ಹಣ ತೆರುವವರು ಅವರೇ ತಾನೆ? ಆದರೆ ಒಳಗಿದ್ದ ತಾಯಿಗೆ ಆ ಮಾತು ಕೇಳಿತ್ತು. ಅಂದಿನಿಂದ ಅವರು ಅರ್ಧ ಬಕೆಟ್ ನೀರಿನಲ್ಲಿ ಸೀರೆ ಒಗೆದುಕೊಂಡರು. ನಾಲ್ಕು ದಿನ ಇರಬೇಕೆಂದು ಬಂದವರು ಎರಡನೆಯ ದಿನವೇ ಊರಿನ ಬಸ್ಸು ಹತ್ತಿದರು.

ದೀಪದ ಲೆಕ್ಕ ಇನ್ನೂ ಸೂಕ್ಷ್ಮವಾದುದು. 2023ರಲ್ಲಿ ರಾಜ್ಯ ಸರಕಾರವು ಗೃಹಜ್ಯೋತಿ ಯೋಜನೆಯನ್ನು ತಂದಿತು. ಹಿಂದಿನ ವರ್ಷದ ಸರಾಸರಿ ಬಳಕೆ, ಅದರ ಮೇಲೆ ಶೇಕಡಾ 10. ಒಟ್ಟು 200 ಯೂನಿಟ್ಟಿನ ಮಿತಿಯೊಳಗೆ ವಿದ್ಯುತ್ತು ಉಚಿತ. ಬಾಡಿಗೆದಾರರಿಗೂ ಇದು ಸಲ್ಲುತ್ತದೆ. ಆದರೆ ಸೌಲಭ್ಯವು ಮೀಟರಿಗೆ ಅಂಟಿಕೊಂಡಿದೆ. ಒಂದೇ ಮೀಟರಿನಡಿ ಮೂರು ಸಂಸಾರಗಳಿದ್ದು ಒಂದೊಂದು 80 ಯೂನಿಟ್ ಉರಿಸಿದರೆ ಮೊತ್ತ 240 ಆಯಿತು. ಮಿತಿ ದಾಟಿತು, ಪೂರ್ಣ ಬಿಲ್ಲು ಬಂತು. ಪ್ರತ್ಯೇಕ ಮೀಟರುಗಳಿದ್ದು ಹಿಂದಿನ ಬಳಕೆಯೂ ಅಷ್ಟೇ ಇದ್ದಿದ್ದರೆ ಮೂವರಿಗೂ ಸೊನ್ನೆ! ಇನ್ನು ಮನೆಯ ಬಿಲ್ಲು ಸೊನ್ನೆಯಾದರೂ ‘ಎಲ್ಲಾ ಸೇರಿ’ ಎಂದ ಬಾಡಿಗೆ ತಾನಾಗಿ ಇಳಿಯುವುದಿಲ್ಲ. ಬಡವನಿಗೆಂದು ಬಂದ ಬೆಳಕು ಮೆಟ್ಟಿಲ ಕೆಳಗೇ ನಿಂತುಬಿಡುತ್ತದೆ.

ಕೇಂದ್ರ ಸರಕಾರವು 2021ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯಿದೆಯು ನೀರು, ವಿದ್ಯುತ್ತಿನಂಥ ಅವಶ್ಯಕ ಸೇವೆಗಳನ್ನು ತಡೆಹಿಡಿಯಬಾರದೆನ್ನುತ್ತದೆ. ಒಳ್ಳೆಯ ಮಾತು. ಆದರೆ ಮೆಟ್ಟಿಲ ಬಳಿಯ ಮೃದುವಾದ ಪ್ರಶ್ನೆಯನ್ನು ಯಾವ ಕಾಯಿದೆ ತಡೆದೀತು? ಅದನ್ನು ತಡೆಯುವುದು ಕರಾರು ಪತ್ರದ ನಾಲ್ಕು ಸಾಲು: ಮೀಟರು ಯಾರದು, ವಾರಕ್ಕೆ ನೀರೆಷ್ಟು, ಟ್ಯಾಂಕರು ತರಿಸಿದರೆ ಯಾರ ಪಾಲು ಎಷ್ಟು, ನೆಂಟರು ಬಂದರೆ ಹೇಗೆ. ಮುಖ ನೋಡಿ ಇದನ್ನೆಲ್ಲ ಕೇಳಲು ನಮ್ಮವರಿಗೆ ಸಂಕೋಚ. ಲೆಕ್ಕ ಕೇಳುವುದು ಸಣ್ಣತನವೆಂಬ ಭಾವನೆ ನಮ್ಮಲ್ಲಿ ಆಳವಾಗಿದೆ. ನಿಜ ಹೇಳಬೇಕೆಂದರೆ, ಲೆಕ್ಕವಿಲ್ಲದ ಕಡೆಯಲ್ಲಿಯೇ ಹಂಗು ಬೆಳೆಯುತ್ತದೆ.

ಬಾಗಿಲಿಗೆ ಬಂದವರ ಕಾಲಿಗೆ ಒಂದು ತಂಬಿಗೆ, ಕುಡಿಯಲಿಕ್ಕೆ ಇನ್ನೊಂದು ತಂಬಿಗೆ ನೀರು ಕೊಡುವುದು ಈ ನಾಡಿನ ಗೃಹಸ್ಥಧರ್ಮ. ಆ ನೀರು ಎಣಿಸಿ ಕೊಂಡದ್ದಾದರೂ ಚಿಂತೆಯಿಲ್ಲ, ತನ್ನದಾಗಿರಬೇಕು. ಪರರ ನೀರನ್ನು ದಾನ ಮಾಡುವವನು ಗೃಹಸ್ಥನಲ್ಲ. ಅವನೂ ಆ ಮನೆಯ ಅತಿಥಿಯೇ.