ಖಳನಿಗೂ ಒಂದು ಕಟ್ಟು ಬೇಕು

ಮೇಜಿನ ಸುತ್ತ ಕೂತು, ಪಾತ್ರ ವಹಿಸಿ, ದಾಳ ಉರುಳಿಸುತ್ತ ಕಥೆ ಕಟ್ಟುವ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅಲ್ಲಿ ಪಾತ್ರದ ಶಕ್ತಿ, ಮಿತಿಗಳನ್ನು ಗೊತ್ತುಮಾಡುವುದು ಅದರ ವರ್ಗ. ಯಕ್ಷಗಾನ ನೋಡಿ ಬೆಳೆದ ನಮಗೆ ಇದೇನೂ ಹೊಸತಲ್ಲ. ಬಣ್ಣದ ವೇಷ ಕಂಡರೆ ಸಾಕು, ರಾಕ್ಷಸ ಬಂದನೆಂದು ಮಕ್ಕಳಿಗೂ ಗೊತ್ತು.

ಅಭ್ಯಾಸ ಬೋಧನೆಯಲ್ಲಿ ಎಂಟನೇ ತರಗತಿಗೆ ಇಂಥ ಆಟ ಆಡಿಸಿದೆ. ನನ್ನ ಖಳನಿಗೆ ಬರೀ ಬಲ ಕೊಟ್ಟಿದ್ದೆ. ಆ ಹಾಳೆ ಸಿಕ್ಕ ಹುಡುಗ ಎಲ್ಲರನ್ನೂ ಕೊಂದ. ಹತ್ತು ನಿಮಿಷಕ್ಕೆ ಆಟ ಮುಗಿಯಿತು. ಮರುದಿನವೂ ಅವನು ಎಲ್ಲರ ಬಾಯಲ್ಲಿ ‘ರಾಕ್ಷಸ’. ಊಟಕ್ಕೆ ಒಬ್ಬನೇ ಕೂತಿದ್ದ. ತಪ್ಪು ನನ್ನ ಯೋಜನೆಯದು.

ಪರಿಹಾರ ಮಾವಳ್ಳಿಯ ಸ್ಥಳಪುರಾಣದಲ್ಲೇ ಇತ್ತು. ಆತ್ಮಲಿಂಗ ಪಡೆದ ರಾವಣ ಅದನ್ನು ನೆಲಕ್ಕಿಡುವಂತಿಲ್ಲ, ಸಂಧ್ಯಾವಂದನೆಯನ್ನೂ ಬಿಡಲಾರ. ಆ ನಿಷ್ಠೆಯಿಂದಲೇ ಗೋಕರ್ಣದಲ್ಲಿ ಗಣಪತಿಗೆ ಸೋತ. ಲಿಂಗಕ್ಕೆ ಹೊದಿಸಿದ ಬಟ್ಟೆ ಬಿದ್ದದ್ದು ನಮ್ಮ ಮುರ್ಡೇಶ್ವರದಲ್ಲಿ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ ಹೆಸರು ತಂದ ಭಸ್ಮಾಸುರನಿಗಂತೂ ಪಡೆದ ವರವೇ ಉರುಳು.

ಎರಡನೇ ಸಲ ಖಳನ ಹಾಳೆಯಲ್ಲಿ ಬರೆದೆ: ಅವನಿಗೇನು ಬೇಕು, ಯಾವ ನೇಮ ಮುರಿಯಲಾರ, ಬಲ ಬಳಸಿದರೆ ಏನು ಕಳೆದುಕೊಳ್ಳುತ್ತಾನೆ. ವರ ಬಳಸುವಾಗ ದಾಳದಲ್ಲಿ 1 ಬಿದ್ದರೆ ಅದು ಅವನಿಗೇ ತಿರುಗುತ್ತದೆ. (ಸಂಭವನೀಯತೆ 1/6, ಗಣಿತದ ಪಾಠವೂ ಆಯಿತು!) ಕೊನೆಯ ಐದು ನಿಮಿಷ ವೇಷ ಕಳಚುವುದಕ್ಕೆ: ಆಡಿದವರು ತಮ್ಮ ನಿಜ ಹೆಸರು ಹೇಳಿ ಹಾಳೆ ಮಡಿಸಿಡಬೇಕು.

ಅದೇ ಹುಡುಗ ರಾವಣನ ಹಾಳೆ ಕೇಳಿ ಪಡೆದ. ಸಂಜೆಯ ಸರದಿ ಬಂದಾಗ, ಲಿಂಗವನ್ನು ಯಾರ ಕೈಗೆ ಕೊಡಲೆಂದು ಗೆಳೆಯರ ಮುಖಗಳನ್ನು ಒಂದೊಂದಾಗಿ ನೋಡುತ್ತ ತುಂಬ ಹೊತ್ತು ಕೂತಿದ್ದ.