ವಯಸ್ಸು ಬದಲಾದಂತೆ ವಿಧಾನವೂ ಬದಲಾಗಲಿ

ಮಕ್ಕಳ ನಡುವಿನ ಅಂತರದ ಮಾತನ್ನು ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಪಿಸುಧ್ವನಿಯಲ್ಲೇ ಮುಗಿಸಿಬಿಡುತ್ತಾರೆ. ಇದು ನಾಚಿಕೆಯ ವಿಷಯವಲ್ಲ. ಪ್ರವಾದಿವರ್ಯರ(ಸ) ಕಾಲದಲ್ಲಿ ಸಹಾಬಿಗಳು 'ಅಝ್ಲ್' ಮಾಡುತ್ತಿದ್ದರೆಂದು ಹಝ್ರತ್ ಜಾಬಿರ್(ರ) ವರದಿ ಮಾಡಿದ್ದಾರೆ. ಹೆರಿಗೆಯಿಂದ ಪತ್ನಿಯ ಜೀವಕ್ಕೆ ಅಪಾಯವಾದೀತೆಂಬ ಭಯವನ್ನು ಇಮಾಮ್ ಗಝಾಲಿ(ರ) ಅದಕ್ಕೆ ಸಮ್ಮತ ಕಾರಣವೆಂದು ಎಣಿಸಿದ್ದಾರೆ.

ಆದರೆ ಒಬ್ಬಳಿಗೆ ಒಂದು ವಯಸ್ಸಿನಲ್ಲಿ ಹೊಂದಿದ ವಿಧಾನ ಮುಂದೆಯೂ ಹೊಂದಬೇಕೆಂದಿಲ್ಲ. ಹೊಸದಾಗಿ ಮದುವೆಯಾದವರಿಗೆ ನಿರೋಧ್ ಅಥವಾ ದಿನನಿತ್ಯದ ಮಾತ್ರೆ ಸಾಕಾಗಬಹುದು.

ಹೆರಿಗೆಯ ನಂತರ ಲೆಕ್ಕವೇ ಬೇರೆ. ಕುರ್‌ಆನ್ (2:233) ಪೂರ್ಣ ಎರಡು ವರ್ಷ ಹಾಲೂಡಿಸುವುದನ್ನು ಹೇಳುತ್ತದೆ. ಹೆರಿಗೆಯಾಗಿ 24 ತಿಂಗಳು ಕಳೆದ ಮೇಲೆ ಮುಂದಿನ ಗರ್ಭಕ್ಕೆ ಪ್ರಯತ್ನಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಹಾಗೆಂದು ಹಾಲೂಡಿಸುವಷ್ಟು ಕಾಲವೂ ಗರ್ಭ ನಿಲ್ಲದು ಎಂದು ನಂಬಬಾರದು. ಮಗುವಿಗೆ 6 ತಿಂಗಳು ತುಂಬಿರಬಾರದು, ಹಗಲಿರುಳೂ ಎದೆಹಾಲನ್ನೇ ಕೊಡುತ್ತಿರಬೇಕು, ಮುಟ್ಟು ಮರಳಿರಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಬೇರೆ ವಿಧಾನ ಬೇಕು. ಸಾಮಾನ್ಯ ಹಾರ್ಮೋನ್ ಮಾತ್ರೆ ಈ ಅವಧಿಗೆ ತಕ್ಕುದಲ್ಲ. ಹಾರ್ಮೋನ್ ಇಲ್ಲದ 'ಛಾಯಾ' ಮಾತ್ರೆಯನ್ನು ಹಾಲೂಡಿಸುವ ತಾಯಂದಿರೂ ಸೇವಿಸಬಹುದು: ಮೊದಲ 3 ತಿಂಗಳು ವಾರಕ್ಕೆರಡು, ಬಳಿಕ ವಾರಕ್ಕೊಂದು.

ದೀರ್ಘ ಅಂತರ ಬೇಕೆನ್ನುವವರಿಗೆ ವಂಕಿ (ಕಾಪರ್-ಟಿ) ಇದೆ. 380ಎ ವಂಕಿ 10 ವರ್ಷದವರೆಗೆ ಕೆಲಸ ಮಾಡುತ್ತದೆ, ತೆಗೆಸಿದ ಕೂಡಲೇ ಗರ್ಭಧಾರಣೆ ಸಾಧ್ಯ. 3 ತಿಂಗಳಿಗೊಮ್ಮೆಯ 'ಅಂತರ' ಚುಚ್ಚುಮದ್ದು ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಹಲವು ತಿಂಗಳು ಹಿಡಿಯಬಹುದು. ಬೇಗ ಮಗು ಬೇಕೆನ್ನುವವರು ಇದನ್ನು ಮೊದಲೇ ತಿಳಿದಿರಬೇಕು.

35 ದಾಟಿದ ಮೇಲೆ ಹಳೆಯ ಮಾತ್ರೆಯನ್ನೇ ಮುಂದುವರಿಸುವ ಮುನ್ನ ಬಿ.ಪಿ. ನೋಡಿಸಬೇಕು. ಬಿ.ಪಿ. ಹೆಚ್ಚಿರುವವರಿಗೆ ಹಾರ್ಮೋನ್ ಮಾತ್ರೆಯಿಂದ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಏರುತ್ತದೆ.

ನಲವತ್ತರಲ್ಲಿ ಮುಟ್ಟು ಏರುಪೇರಾದಾಗ 'ಇನ್ನೇನು, ನಿಂತೇಹೋಯಿತು' ಎಂದು ಎಚ್ಚರ ತಪ್ಪುವವರುಂಟು. 50ರೊಳಗೆ ಮುಟ್ಟು ನಿಂತರೆ ಆಮೇಲೂ 2 ವರ್ಷ, 50ರ ನಂತರ ನಿಂತರೆ 1 ವರ್ಷ ಗರ್ಭನಿರೋಧ ಬೇಕೆಂಬುದು ವೈದ್ಯರ ಸಲಹೆ.

ಶಾಶ್ವತ ಶಸ್ತ್ರಚಿಕಿತ್ಸೆಯ ವಿಚಾರ ಬಂದಾಗ ವೈದ್ಯರನ್ನೂ ಅರಿತ ವಿದ್ವಾಂಸರನ್ನೂ ಕೇಳಿಯೇ ದಂಪತಿಗಳು ನಿರ್ಧರಿಸಲಿ. ಉಳಿದ ವಿಧಾನಗಳ ಬಗ್ಗೆ ಆಶಾ ಕಾರ್ಯಕರ್ತೆಯನ್ನು ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬಹುದು. ಸರಕಾರಿ ಆಸ್ಪತ್ರೆಗಳಲ್ಲಿ ಇವು ಉಚಿತ. ನೆರೆಮನೆಯಾಕೆಗೆ ಹೊಂದಿದ್ದು ನಮಗೂ ಹೊಂದೀತೆಂದು ನಾವೇ ತೀರ್ಮಾನಿಸುವುದು ಬೇಡ. ಸಹೋದರರೇ, ಹೆರಿಗೆಯ ದಿನ ಆಸ್ಪತ್ರೆಗೆ ಓಡುವ ನಾವು ಈ ಸಲಹೆಗೂ ಪತ್ನಿಯ ಜೊತೆ ಹೋಗೋಣ. ಆಕೆಯ ಆರೋಗ್ಯ ನಮ್ಮ ಮೇಲಿರುವ ಅಮಾನತ್ತು.