ಬ್ರೇಕ್ ಒತ್ತುವ ಮೊದಲು ತಲೆಯೊಳಗೆ ನಡೆಯುವುದೇನು?

ಹುಮನಾಬಾದ್ ದಾಟಿ ಸೊಲ್ಲಾಪುರದ ಕಡೆ ಹೊರಟ ಲಾರಿಗೆ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಸಸ್ತಾಪುರ ಬಂಗ್ಲಾ ಸಿಗುತ್ತದೆ. ಅಲ್ಲಿ ಹೊರಳಿದರೆ ಬಸವಕಲ್ಯಾಣ. ಶರಣರ ಈ ಊರಿಗೆ ಇಂದು ಲಾರಿ ಸಾಗಣೆಯೇ ದೊಡ್ಡ ಕಸುಬು. ಡ್ರೈವರ್, ಕ್ಲೀನರ್, ಮೆಕ್ಯಾನಿಕ್, ಮಾಲೀಕ ಎಂದು ಎಷ್ಟೋ ಮನೆಗಳ ಒಲೆ ಉರಿಯುವುದು ಗಾಲಿ ತಿರುಗಿದರೆ ಮಾತ್ರ.

ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವ ಲಾರಿಗೆ ಎಮ್ಮೆಯೊಂದು ಅಡ್ಡ ಬಂತೆನ್ನಿ. ಡ್ರೈವರನ ಬಲಗಾಲು ಎಕ್ಸಲೇಟರ್ ಬಿಟ್ಟು ಬ್ರೇಕಿನ ಮೇಲೆ ಕೂರಲು ಒಂದರಿಂದ ಒಂದೂವರೆ ಸೆಕೆಂಡ್ ಬೇಕು. ಬ್ರೇಕ್ ಹಿಡಿಯುವ ಮೊದಲೇ ಲಾರಿ 17ರಿಂದ 25 ಮೀಟರ್ ಮುಂದೆ ಹೋಗಿರುತ್ತದೆ.

ಈ ಹೊತ್ತೆಲ್ಲ ಖರ್ಚಾಗುವುದು ನರದ ದಾರಿಯಲ್ಲಿ ಅಲ್ಲ. ಬಲಗಾಲಿಗೆ ಅಪ್ಪಣೆ ಕೊಡುವುದು ಮಿದುಳಿನ ಎಡಭಾಗ. ನೆತ್ತಿಯ ಹತ್ತಿರ, ಎರಡು ಹೋಳುಗಳು ಎದುರಾಗುವ ಕಡೆ ಕಾಲಿನ ಜಾಗವಿದೆ. ಅಲ್ಲಿಂದ ಹೊರಟ ಸಂಕೇತ ಮಿದುಳಿನ ಬುಡದಲ್ಲಿ ಬಲಕ್ಕೆ ದಾಟಿ, ಬೆನ್ನುಹುರಿಯಲ್ಲಿ ಇಳಿದು, ಸೊಂಟದ ಮಟ್ಟದಲ್ಲಿ ಇನ್ನೊಂದು ನರಕೋಶಕ್ಕೆ ಕೆಲಸ ಒಪ್ಪಿಸುತ್ತದೆ. ಆ ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಸುರಿದಾಗ ಸ್ನಾಯು ಬಿಗಿಯುತ್ತದೆ. ಸೆಕೆಂಡಿಗೆ ಸುಮಾರು 50 ಮೀಟರ್ ವೇಗದ ಈ ಪಯಣಕ್ಕೆ ಸೆಕೆಂಡಿನ ನೂರರಲ್ಲಿ ಮೂರು ಪಾಲು ಸಾಕು. ಉಳಿದ ಹೊತ್ತು ಹೋಗುವುದು ಕಂಡದ್ದನ್ನು ಗುರುತಿಸಲು, ಬ್ರೇಕೋ ಸ್ಟೇರಿಂಗೋ ಎಂದು ತೀರ್ಮಾನಿಸಲು, ಕಾಲೆತ್ತಿ ಇಡಲು. ದಣಿದ ತಲೆಯಲ್ಲಿ ಮೊದಲು ನಿಧಾನವಾಗುವುದು ಈ ಗುರುತು, ಈ ತೀರ್ಮಾನ.

ಪಳಗುವುದು ಹೇಗೆ?

ಬ್ರೇಕನ್ನು ಎಷ್ಟು ಒತ್ತಬೇಕು? ಖಾಲಿ ಲಾರಿಗೆ ಒಂದು ಅಳತೆ, ತುಂಬಿದ ಲಾರಿಗೆ ಇನ್ನೊಂದು. ಈ ಲೆಕ್ಕದಲ್ಲಿ ತಲೆಯ ಹಿಂಭಾಗದ ಕಿರುಮಿದುಳಿನ ಪಾತ್ರ ದೊಡ್ಡದು. ಮಿದುಳಿನ ಅಂದಾಜು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿ ಇರುವುದು ಇಲ್ಲೇ. ಅಂದುಕೊಂಡ ಚಲನೆಗೂ ಆದ ಚಲನೆಗೂ ಇರುವ ವ್ಯತ್ಯಾಸ ನೋಡಿ ಅದು ಮುಂದಿನ ಸಲಕ್ಕೆ ತಿದ್ದಿಕೊಳ್ಳುತ್ತದೆ. ಹೊಸಬ ಕ್ಲಚ್ ಬಿಟ್ಟಾಗ ಗಾಡಿ ಜಗ್ಗುವುದೂ, ವರ್ಷ ಕಳೆದ ಮೇಲೆ ಅವನೇ ಮಾತಾಡುತ್ತ ಗೇರ್ ಬದಲಿಸುವುದೂ ಈ ತಿದ್ದುವಿಕೆಯ ಎರಡು ಹಂತ.

ಕಲ್ಯಾಣಕ್ಕೆ ಈ ವಿದ್ಯೆ ಹೊಸದೇನಲ್ಲ. ಇಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ತಾಲೀಮಿಗೇ ಒಂದು ಅಧ್ಯಾಯವಿದೆ. ಭಾರ ಎತ್ತುವುದು, ನಡಿಗೆ, ಈಜು, ಕಂಬದ ಕಸರತ್ತು, ಜತೆಗೆ ಮಲ್ಲರ ಊಟ, ಎಲ್ಲಕ್ಕೂ ಕ್ರಮ ಹೇಳಿದೆ. ನರಗಳ ವಿಚಾರ ತಿಳಿಯದ ಕಾಲದಲ್ಲೂ ಪಟ್ಟು ಮೈಗೂಡಲು ದಿನಚರಿ ಬೇಕೆಂಬುದು ಗೊತ್ತಿತ್ತು. ಹಗಲು ಕಲಿತ ಚಲನೆ ಗಟ್ಟಿಯಾಗಲು ನಿದ್ರೆ ನೆರವಾಗುತ್ತದೆ ಎಂಬುದನ್ನು ಇಂದಿನ ವಿಜ್ಞಾನ ಸೇರಿಸಿದೆ.

ದಾರಿ ಕೆಡುವುದು ಎಲ್ಲೆಲ್ಲಿ?

ಶುಗರ್ ಹತೋಟಿ ತಪ್ಪಿದರೆ ಮೊದಲು ಸೊರಗುವುದು ಪಾದದ ಉದ್ದನೆಯ ನರಗಳು. ಅಂಗಾಲು ಜೋಮು ಹಿಡಿದರೆ ಪೆಡಲಿನ ಒತ್ತಡ ಮಿದುಳಿಗೆ ಸರಿಯಾಗಿ ತಿಳಿಯುವುದಿಲ್ಲ. ಬಿಪಿ ಏರಿ ಮಿದುಳಿನ ರಕ್ತನಾಳ ಒಡೆದರೆ ಅಥವಾ ಹೆಪ್ಪುಗಟ್ಟಿ ಮುಚ್ಚಿದರೆ ಲಕ್ವಾ. ಬಾಯಿ ವಾರೆಯಾಗಿ, ಒಂದು ಕೈ ಸೋತು, ಮಾತು ತೊದಲಿದರೆ ಮಾಲೀಸು, ನಾಟಿ ಔಷಧಿ ಎಂದು ಅಲೆಯದೆ 108ಕ್ಕೆ ಕರೆ ಮಾಡಬೇಕು. ಸಿ.ಟಿ. ಸ್ಕ್ಯಾನಿನಲ್ಲಿ ಹೆಪ್ಪುಗಟ್ಟಿದ ಲಕ್ವಾ ಎಂದು ಖಚಿತವಾದರೆ ಹೆಪ್ಪು ಕರಗಿಸುವ ಚುಚ್ಚುಮದ್ದಿದೆ. ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಅದು ಸಿಗಬೇಕು. ರೋಗಿ ಕೊನೆಯದಾಗಿ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಎಂದು ಮನೆಯವರು ನೆನಪಿಟ್ಟು ಹೇಳಿದರೆ ವೈದ್ಯರಿಗೆ ಅನುಕೂಲ.

ಎಲ್ಲಕ್ಕಿಂತ ಕಡೆಗಣಿಸಿದ್ದು ನಿದ್ರೆ. ಸತತ 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ ಮದ್ಯ ಇದ್ದವರ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ತೋರಿಸಿದರು. ನಮ್ಮ ಕಾನೂನಿನ ಮಿತಿ 30 ಮಿ.ಗ್ರಾಂ. ಬೆಳಗಿನ ಐದಕ್ಕೆ ಎದ್ದವನು ರಾತ್ರಿ ಹತ್ತಕ್ಕೆ ಒಂದು ಹನಿ ಕುಡಿಯದೆಯೂ ಆ ಮಿತಿ ಮೀರಿದವನಂತೆ ಗಾಡಿ ಓಡಿಸುತ್ತಿರಬಹುದು. ಮೂರು ಸೆಕೆಂಡ್ ಕಣ್ಣು ಮುಚ್ಚಿದರೆ ಲಾರಿ 50 ಮೀಟರ್ ಹೋಗಿರುತ್ತದೆ.

ದಿನಕ್ಕೆ ಎಂಟು ಗಂಟೆ ದುಡಿಮೆ, ಐದು ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆ ಬಿಡುವು ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಕುಡಿತ ಹಿಡಿಯಲು ಪೊಲೀಸರ ಕೈಯಲ್ಲಿ ಊದುವ ಯಂತ್ರವಿದೆ; ನಿದ್ರೆಗೇಡಿಗೆ ಅಂಥದ್ದಿಲ್ಲ. ಹಾಗಾಗಿ ಆ ಲೆಕ್ಕ ಇಡಬೇಕಾದವರು ಲೋಡ್ ಕೊಡುವವರು, ಗಾಡಿ ಕಳಿಸುವವರು. ಸರಕು ಯಾವಾಗ ತಲುಪಬೇಕೆಂದು ಗೊತ್ತುಮಾಡುವಾಗ ಡೀಸೆಲ್, ಟೋಲ್ ಜತೆ ಡ್ರೈವರನ ನಿದ್ರೆಯ ಗಂಟೆಗಳನ್ನೂ ಅವರು ಬರೆದುಕೊಳ್ಳಲಿ.